ನಮ್ಮ ಮೋರಿ

ಪರದೆಯ ಮೇಲೆ ಮೂರು ಊರು ಉಳಿದಿದ್ದವು.
ವರ್ಗಾವಣೆ ಕೌನ್ಸೆಲಿಂಗಿನ ಹುಡುಗ
ಮೌಸಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ:
‘ಬೇಗ ಹೇಳಿ ಮೇಡಂ, ಹಿಂದೆ ಇನ್ನೂ ಎಂಬತ್ತು ಜನ ಇದ್ದಾರೆ.’

ಎರಡು ಭಾನುವಾರ ಮೂರೂ ಊರು ಸುತ್ತಿ ಬಂದಿದ್ದೆ.
ಗಣಿತದವಳು, ಪಟ್ಟಿ ಮಾಡಿದ್ದೆ:
ಬಾಡಿಗೆ, ಬಸ್ಸು, ನೀರು, ಮಗಳ ಶಾಲೆ ಎಷ್ಟು ದೂರ.
ಕೂಡಿ ಕಳೆದರೆ ಕೋಲಾರ ಮೂರನೆಯದು.

ಮೊದಲನೇ ಊರಲ್ಲಿ ರಸ್ತೆ ಅಗಲ, ಮರಗಳೂ ಇದ್ದವು.
ಊರು ಹೇಗೆ ಎಂದು ಅಂಗಡಿಯವನನ್ನು ಕೇಳಿದೆ.
‘ಏನೋ, ಇದೆ’ ಅಂದ, ಚಿಲ್ಲರೆ ಎಣಿಸುತ್ತ.
ಎರಡನೆಯದರ ಬ್ರೋಕರು
‘ಇಲ್ಲೇನಿದೆ ಬಿಡಿ, ಬೆಂಗಳೂರಿಗೆ ಒಂದೂವರೆ ಗಂಟೆ’ ಅಂತ
ಊರಿನ ಗುಣವನ್ನೆಲ್ಲ
ಊರು ಬಿಡುವ ವೇಗದಲ್ಲಿ ಅಳೆದ.
ನಗಲಾಗಲಿಲ್ಲ. ಹನ್ನೊಂದು ವರ್ಷ ಬಾಳಿದ ಊರನ್ನು
ನಾನೂ ಇವತ್ತಿಗೂ ‘ಅಲ್ಲಿ’ ಅಂತಲೇ ಅನ್ನುವವಳು.

ಕೋಲಾರದಲ್ಲಿ ಇಳಿದದ್ದು ಮಟಮಟ ಮಧ್ಯಾಹ್ನ.
ಬಿಸಿಲು ಶತಶೃಂಗದ ಬಂಡೆಗೆ ಬಡಿದು ವಾಪಸು ಬಂದು
ನನ್ನ ನೆತ್ತಿಯ ಮೇಲೇ ಕೂತಿತು.
ಖಲಂದರನ ಆಟೋದಲ್ಲಿ ಮೀಟರು ಸತ್ತಿತ್ತು,
ಬಾಯಿ ಓಡುತ್ತಿತ್ತು:
‘ಚಿನ್ನ ಚಿನ್ನ ಅಂತಾರಲ್ಲ, ಅದು ಇಲ್ಲಿಲ್ಲ ಮೇಡಂ,
ಇನ್ನೂ ಮುಕ್ಕಾಲು ಗಂಟೆ ದಾರಿ.
ಆದರೆ ಹೆಸರು ಯಾರದು? ನಮ್ಮದು!’
ಗೆದ್ದವನಂತೆ ಹಾರನ್ ಒತ್ತಿದ.
ಮುಂದೆ ಯಾರೂ ಇರಲಿಲ್ಲ.

ಕಠಾರಿಪಾಳ್ಯದ ಒಂದು ಬೀದಿಯಲ್ಲಿ
ಮನೆ ಮಾಲೀಕ ಸೊಣ್ಣಪ್ಪ ಸಿಕ್ಕಿದ್ದು ಮನೆಯಲ್ಲಲ್ಲ,
ಮೋರಿಯಲ್ಲಿ.
ನಿವೃತ್ತ ಪೋಸ್ಟ್‌ಮನ್;
ಊರ ಬಾಗಿಲನ್ನೆಲ್ಲ ಮೂವತ್ತು ವರ್ಷ ತಟ್ಟಿದ ಕೈ
ಈಗ ಕಬ್ಬಿಣದ ಸರಳು ಹಿಡಿದು ಏನನ್ನೋ ಎಳೆಯುತ್ತಿತ್ತು.
ಬಂತು: ಒಂದು ದಿಂಬು. ಯಾರದೋ ಇಡೀ ದಿಂಬು.
‘ನೋಡಿ ಟೀಚರಮ್ಮ, ನಮ್ಮ ಮೋರಿ ಗತಿ!
ನಮ್ಮ ನಗರಸಭೆ ನಿದ್ದೆ ಮಾಡ್ತಾ ಇತ್ತಲ್ಲ,
ದಿಂಬು ಇಲ್ಲೇ ಬಿಟ್ಟು ಹೋಗಿದೆ!’

ಎದುರು ಮನೆಯ ನಾರೆಮ್ಮ ಜಗಲಿಯಿಂದಲೇ:
‘ನಮ್ಮ ಲೈಟು ಕಂಬವನ್ನೂ ತೋರಿಸಿ,
ಕಣ್ಣು ಮುಚ್ಚಿ ಮೂರು ವಾರ ಆಯ್ತು.
ನಮ್ಮ ಬೋರಿನ ನೀರು ಕುಡಿದ್ರೆ ಹಲ್ಲು ಹಿಂಗಾಗ್ತವೆ’
ಎಂದು ನಕ್ಕರು, ಪುರಾವೆ ಸಮೇತ.
ಕೆರೆಗೆ ಬರುವ ಬೆಂಗಳೂರಿನ ತೊಳೆದ ನೀರನ್ನು
ಇಬ್ಬರೂ ಸೇರಿ ಮನಸಾರೆ ಬೈದರು.
ಸುಮ್ಮನಿರಲಾರದೆ ನಾನೂ ಒಂದು ಸೇರಿಸಿದೆ:
‘ಹೌದು, ಈ ಊರಲ್ಲಿ ನೀರಿಂದೇ ಕಷ್ಟ.’

ಬೀದಿ ಗಪ್ಪನೆ ನಿಂತಿತು.
ಸೊಣ್ಣಪ್ಪ ಸರಳನ್ನು ಗೋಡೆಗೆ ಒರಗಿಸಿದರು.
‘ಹಂಗೇನಿಲ್ಲ,’ ಅಂದರು.
‘ಮಡಕೇಲಿ ಒಂದು ರಾತ್ರಿ ಇಟ್ರೆ ಎಳನೀರು.’
ನಾರೆಮ್ಮ ಒಳಗೆ ಹೋಗಿ ಲೋಟ ತುಂಬಿ ತಂದರು,
ನಾನು ಕುಡಿದು ಮುಗಿಸುವ ತನಕ ಕದಲಲಿಲ್ಲ.
ಉಪ್ಪಿತ್ತು.
ಚೆನ್ನಾಗಿದೆ ಅಂದೆ.

ವಾಪಸು ಬಸ್ಸಿನಲ್ಲಿ, ಕುಲುಕಾಟದಲ್ಲಿ,
ಪಟ್ಟಿಗೆ ಹೊಸದೊಂದು ಕಾಲಂ ಎಳೆದೆ. ಗೆರೆ ಸೊಟ್ಟಗಾಯಿತು.
ಅದಕ್ಕೇನು ಹೆಸರಿಡುವುದು?
ಬೈಗುಳ? ಬೈಯುವ ಹಕ್ಕು?
ಮೂಗು ಒರೆಸುವವರಷ್ಟೇ
ಮಗು ಕೊಳಕು ಅನ್ನಬಹುದೆಂಬ ಕಾನೂನು?
ಹೆಮ್ಮೆ ಎಂದರೆ ಊರಬಾಗಿಲ ಸ್ವಾಗತ ಕಮಾನು,
ಅದರ ಮೇಲಿನ ದಪ್ಪಕ್ಷರ ಎಂದುಕೊಂಡಿದ್ದೆ.
ಮೊಣಕಾಲುದ್ದ ಇಳಿದರೆ ಕಾಲಿಗೆ ತಗಲುವಂಥದ್ದು
ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.
ಕಾಲಂ ಖಾಲಿ ಬಿಟ್ಟೆ.
ಮಗಳು ಅದರಲ್ಲಿ ಒಂದು ಬೆಕ್ಕು ಬರೆದಳು.

‘ಮೇಡಂ?’
‘ಕೋಲಾರ,’ ಅಂದೆ.
ಹುಡುಗ ತಲೆಯೆತ್ತಿದ. ‘ಅಲ್ಲಿ ನೀರು ಸರಿಯಿಲ್ಲವಂತೆ?’
ಎಳನೀರು ಎಂಬ ಮಾತು
ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.
ಅದನ್ನಾಡುವ ಮೊದಲು
ಒಂದು ದಿಂಬನ್ನಾದರೂ ನಾನು ಎತ್ತಬೇಕು.