ಬಾರಿಲೆಯ ಒಗರು

ಉಳಿದ ಊರುಗಳಲ್ಲಿ ಕೊಯ್ಲು ಮುಗಿದು
ಪೀಪಾಯಿಗಳಿಗೆ ಬಿರಡೆ ಬಿದ್ದು
ಜನ ಏಣಿ ಹೊತ್ತು ಆಲಿವ್ ಮರಗಳ ಕಡೆ ನಡೆದಾಗಲೂ
ವುಲ್ತುರೆಯ ಮಗ್ಗುಲಲ್ಲಿ ಅಲ್ಯಾನಿಕೊ ಇನ್ನೂ ಬಳ್ಳಿಯಲ್ಲೇ.
ಅಕ್ಟೋಬರ್ ಕಳೆದರೂ ಅವಸರವಿಲ್ಲ ಅದಕ್ಕೆ.
ಒಮ್ಮೆಯಂತೂ ಗೊಂಚಲ ಮೇಲೆ ಹಿಮ ಕೂತಿತ್ತು;
ಕಾರ್ಮೊಸೀನಾ ಕೈಗವಸು ಬಿಚ್ಚಿ
ಒಂದು ಹಣ್ಣು ಕಿತ್ತು ಬಾಯಿಗಿಟ್ಟು
ಬೀಜ ಕಡಿದು, ಉಗುಳಿ,
'ನಾಳಿದ್ದು' ಅಂದಿದ್ದಳು. ಅಷ್ಟೆ.

ಸತ್ತ ಬೆಟ್ಟ ಅದು. ಒಂದು ಕಾಲಕ್ಕೆ ಬೆಂಕಿ ಕಾರಿದ್ದು.
ಈಗ ಬಾಯಲ್ಲಿ ಎರಡು ಕೆರೆ, ಮೈತುಂಬ ಚೆಸ್ಟ್‌ನಟ್ ಕಾಡು.
ಬೂದಿ ಮಾತ್ರ ಕರಿಮಣ್ಣಾಗಿ ಕೆಳಗೆ ಉಳಿದಿದೆ,
ಚಳಿಗಾಲದ ನೀರನ್ನು ಮುಚ್ಚಿಟ್ಟುಕೊಂಡು
ಆಗಸ್ಟಿನಲ್ಲಿ ಬೇರಿಗೆ ಗುಟುಕು ಗುಟುಕಾಗಿ ಕೊಡುತ್ತದೆ,
ಜಿಪುಣ ಅಜ್ಜಿ ಸೊಂಟದ ಚೀಲ ಬಿಚ್ಚಿದ ಹಾಗೆ.

ತ್ರೆವೀಸೊ ಕಡೆಯಿಂದ ಎರ್ಮಾನ್ನೊ ಬಂದಿದ್ದ, ವೈನ್ ದಲ್ಲಾಳಿ.
ಗುಡ್ಡ ಕೊರೆದ ಗವಿಯೊಳಗೆ ತಲೆ ತಗ್ಗಿಸಿ ನಿಂತು
ಲೋಟ ಎತ್ತಿ, ಮೂಸಿ, ಒಂದು ಗುಟುಕು.
ನಾಲಿಗೆ ಒಮ್ಮೆಲೇ ಬೆಕ್ಕಿನ ನಾಲಿಗೆ.
ವಸಡಿನ ಮೇಲೆ ಯಾರೋ ಹಸಿ ಉಣ್ಣೆ ಉಜ್ಜಿದಂತೆ.
'ಚೆನ್ನಾಗಿದೆ ಸಿನ್ಯೋರಾ,
ಆದರೆ ಸ್ವಲ್ಪ ಬೇಗ ಒತ್ತಿ, ಸ್ವಲ್ಪ ಸಿಹಿ ಉಳಿಸಿ.
ಜನಕ್ಕೆ ಮೊದಲ ಗುಟುಕಿಗೇ ಹಿಡಿಸಬೇಕು.'

ಸಿಹಿಗೆ ಊರೆಲ್ಲ ನೆಂಟರು.
ಹುಳಿಗೆ ಬಸುರಿಯರಿದ್ದಾರೆ, ಖಾರಕ್ಕೆ ಹಠಮಾರಿಗಳು,
ಕಹಿಗೆ ವೈದ್ಯರ ಶಿಫಾರಸು.
ಆರು ರುಚಿಯ ಪಂಕ್ತಿಯಲ್ಲಿ
ಒಗರಿಗೇ ಕೊನೆಯ ಎಲೆ,
ಬಡಿಸುವವರು ಬರುವ ಹೊತ್ತಿಗೆ ಪಾತ್ರೆ ಖಾಲಿ.
ಪಿಯೆಮೋಂಟೆಯ ದೊಡ್ಡಣ್ಣ ಗುಲಾಬಿ ಮುಡಿದು
ಡಾಂಬರು ರಸ್ತೆಯಲ್ಲಿ ಗಂಭೀರ ನಡೆಯುತ್ತಾನೆ;
ಟಸ್ಕನಿಯವನು ಮಾತುಗಾರ, ಎಲ್ಲರ ಮೇಜಿಗೂ ಸಲ್ಲುವವನು.
ಇವನು ಬಾಗಿಲಿಗೆ ಬಂದವರನ್ನು
ಬನ್ನಿ ಅನ್ನುವುದಿಲ್ಲ.
ಬಾಗಿಲು ಮುಚ್ಚುವುದೂ ಇಲ್ಲ.

ಕಾರ್ಮೊಸೀನಾ ವಾದಕ್ಕಿಳಿಯಲಿಲ್ಲ.
ಮಡಕೆಯಲ್ಲಿ ಬೆಂದ ಕುರಿಮಾಂಸ, ಗಟ್ಟಿ ಚೀಸಿನ ತುಣುಕು,
ಎದೆಗೊತ್ತಿ ಕೊಯ್ದ ರೊಟ್ಟಿ ಮುಂದಿಟ್ಟು
'ಮೊದಲು ತಿನ್ನು, ಆಮೇಲೆ ಕುಡಿ' ಅಂದಳು.
ಕೊಬ್ಬು ತಗುಲಿದ್ದೇ ಒಗರು ಹಲ್ಲು ಸಡಿಲಿಸಿ
ಹೊಗೆ ಬಂತು, ಹಿಂದೆ ಕಪ್ಪು ಚೆರ್ರಿ,
ಅದರ ಹಿಂದೆ ಮಳೆ ಬಿದ್ದ ಕಬ್ಬಿಣದ ಗೇಟಿನ ವಾಸನೆ.
ಎರ್ಮಾನ್ನೊ ಮೂರನೆಯ ತುಂಡು ತೆಗೆದುಕೊಂಡ.

'ಅದು?' ಅಂದ. ಮೂಲೆಯಲ್ಲಿ ಚೀಟಿಯಿಲ್ಲದ ಬಾಟಲಿ,
ಮೈಮೇಲೆ ಸೀಮೆಸುಣ್ಣದ ಎರಡು ಅಂಕಿ, ೮೦.

ಆ ನವೆಂಬರಿನಲ್ಲಿ ಹಣ್ಣು ತುಳಿದು ಹತ್ತು ದಿನ.
ಭಾನುವಾರ ಸಂಜೆ ನೆಲ ನಡುಗಿತು.
ಅಡುಗೆಮನೆಯ ಗೋಡೆ ತಟ್ಟೆಗಳ ಸಮೇತ ಬೀದಿಗೆ ಬಿತ್ತು.
ಗವಿ ಅಲುಗಲಿಲ್ಲ.
ಮೂರು ಮನೆಯವರು ಇಪ್ಪತ್ತು ರಾತ್ರಿ ಇಲ್ಲೇ ಮಲಗಿದರು,
ಬಾಯಿಯ ಹತ್ತಿರ, ಕುದಿಯುವ ತೊಟ್ಟಿಯಿಂದ ದೂರ.
ದ್ರಾಕ್ಷಿಯ ಉಸಿರು ಮನುಷ್ಯರ ಉಸಿರು ಕದಿಯುತ್ತದೆಂದು
ನೆಲದ ಮೇಲೊಂದು ಮೊಂಬತ್ತಿ;
ಅದು ಆರದಂತೆ ಕಾಯುವ ಸರದಿ ಇವಳದು.
ಹತ್ತೊಂಬತ್ತು ವರ್ಷ. ಮಡಿಲಲ್ಲಿ ತಮ್ಮ ಲುಕ್ಯಾನೊ.
ಕತ್ತಲಲ್ಲಿ ಗುಳುಗುಳು ಸದ್ದು:
ಭೂಮಿ ಮತ್ತೆ ಹೊರಳುತ್ತಿದೆಯೋ
ರಸ ವೈನಾಗುತ್ತಿದೆಯೋ
ಬೆಳಗಿನವರೆಗೂ ಗೊತ್ತಾಗುತ್ತಿರಲಿಲ್ಲ.

ಇದನ್ನು ಅವಳು ಅವನಿಗೆ ಹೇಳಲಿಲ್ಲ.
'ಅದು ಮಾರಾಟಕ್ಕಲ್ಲ' ಎಂದಷ್ಟೇ ಅಂದಳು.

ಕಾಗದಕ್ಕೆ ಸಹಿ ಬೀಳದೆ ಕಾರು ಹೊರಟಿತು.
ರಿಯೊನೆರೊ ತಿರುವಿನಲ್ಲಿ ಅವನು
ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿಕೊಂಡ;
ಇನ್ನೂ ಹೋಗಿರಲಿಲ್ಲ.

ಅವನು ಬಿಟ್ಟ ಅರ್ಧ ಲೋಟವನ್ನು ಕಾರ್ಮೊಸೀನಾ
ಚೆಲ್ಲಲಿಲ್ಲ, ತಟ್ಟೆ ಮುಚ್ಚಿಟ್ಟಳು.
ಗಾಳಿ ಕುಡಿಯಲಿ ರಾತ್ರಿಯೆಲ್ಲ.
ನಾಳೆ ಮಧ್ಯಾಹ್ನಕ್ಕೆ
ಮಾತಾಡಬಹುದು.