ನಡಾವಳಿ

ಹನ್ನೊಂದಕ್ಕೆ ಎಂದು ತಿಳಿವಳಿಕೆ ಪತ್ರ ಬರೆದವಳು ನಾನೇ.
ಹನ್ನೆರಡೂ ಕಾಲಿಗೆ ಕೋರಂ ಆಯಿತು.
ಅಷ್ಟರಲ್ಲಿ ಸಭಾಂಗಣದ ಫ್ಯಾನು ಮೂರು ಸಲ ನಿಂತು
ಮೂರು ಸಲ ಮನಸ್ಸು ಬದಲಾಯಿಸಿತ್ತು.
ಕಿಟಕಿಯಾಚೆ, ದೂರದ ಗುಡ್ಡದ ಮೇಲೆ,
ಗಾಳಿಯಂತ್ರಗಳು ಮಾತ್ರ
ಯಾರ ಅನುಮೋದನೆಗೂ ಕಾಯದೆ ತಿರುಗುತ್ತಿದ್ದವು.

ವಿಷಯ ಒಂದು: ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು.
ಯಾರೂ ಓದಲಿಲ್ಲ. ದೃಢೀಕರಿಸಲಾಯಿತು.
ವಿಷಯ ಎರಡು: ಸಂತೆಹೊಂಡದ ಬಳಿ ಹಂದಿ.
ನಲವತ್ತು ನಿಮಿಷ.
ಹಂದಿ ಯಾರದು ಎಂಬಲ್ಲಿಗೆ ಮಾತು ಬಂದಾಗ
ಎಲ್ಲರೂ ಒಟ್ಟಿಗೆ ಮಿರ್ಚಿ ಕಡಿದರು.
ಮುಂದಿನ ಸಭೆಗೆ ಮುಂದೂಡಲಾಯಿತು.

ಇಪ್ಪತ್ತೆರಡು ವರ್ಷದಿಂದ ಈ ಪುಸ್ತಕ ಬರೆಯುತ್ತಿದ್ದೇನೆ.
ಬೈದದ್ದನ್ನು 'ಆಕ್ಷೇಪಿಸಿದರು' ಎನ್ನುತ್ತೇನೆ,
ಮೇಜು ಗುದ್ದಿದ್ದನ್ನು 'ಒತ್ತಾಯಿಸಿದರು',
ಮೈಕಿನ ತಂತಿ ಕಿತ್ತದ್ದನ್ನು 'ಗಮನ ಸೆಳೆದರು'.
ನಿದ್ದೆ ಹೋದವರನ್ನು
ಸರ್ವಾನುಮತದಲ್ಲಿ ಸೇರಿಸಿಕೊಳ್ಳುತ್ತೇನೆ.
ನನ್ನ ವಾಕ್ಯಗಳಿಗೆ ಕರ್ತೃ ಇಲ್ಲ.
ಚರ್ಚಿಸಲಾಯಿತು, ಸೂಚಿಸಲಾಯಿತು, ತೀರ್ಮಾನಿಸಲಾಯಿತು,
ಲಾಯಿತು, ಲಾಯಿತು ಎಂದು ಪೆನ್ನು
ಲಾಳ ಹೊಡೆಸಿಕೊಂಡ ಎತ್ತಿನ ಹಾಗೆ
ತಾನೇ ನಡೆದು ಪುಟದ ಕೊನೆ ಮುಟ್ಟುತ್ತದೆ.

ವಿಷಯ ಏಳರ ಹೊತ್ತಿಗೆ ಪಾಲಮ್ಮ ಎದ್ದರು.
ಚೇಳುಗುಡ್ಡದ ಕಡೆಯವರು. ಗೆದ್ದು ಹದಿನಾಲ್ಕು ತಿಂಗಳು.
ಈವರೆಗೆ ಬಾಯಿ ತೆರೆದದ್ದು
ಸಹಿ ಎಲ್ಲಿ ಹಾಕಲಿ ಎಂದು ಕೇಳಲು ಮಾತ್ರ.
ಗ್ಯಾಲರಿಯ ಬೆಂಚಿನಿಂದ ಅವರ ಗಂಡ ಕೆಮ್ಮಿದರು,
ಕೂತ್ಕೋ ಎಂಬಂತೆ.
ವೈರಿನ ಬ್ಯಾಗಿನಿಂದ ತೆಗೆದದ್ದು ಒಂದು ಬಾಟಲಿ,
ಒಳಗೆ ನೀರು, ಬೆಲ್ಲದ ಪಾನಕದ ಬಣ್ಣ.
ಅಧ್ಯಕ್ಷರ ಮುಂದೆ ಇಟ್ಟು ಅಂದರು:
"ಹನ್ನೊಂದ್ ದಿನಕ್ಕೊಂದ್ ಸಲ ಬಿಡ್ತೀರ. ಬಿಟ್ರೆ ಇದನ್ನ ಬಿಡ್ತೀರ.
ನಾನೇನೂ ಕೇಳಲ್ಲ ಸಾ.
ಒಂದ್ ಲೋಟ ನೀವು ಕುಡೀರಿ, ಒಂದ್ ಲೋಟ ನಾನ್ ಕುಡೀತೀನಿ."

ಫ್ಯಾನು ನಾಲ್ಕನೆಯ ಸಲ ನಿಂತಿತು.
ಯಾರೋ ನಗಲು ಹೊರಟು ಅರ್ಧಕ್ಕೇ ನುಂಗಿಕೊಂಡರು.
ಎಂಜಿನಿಯರು ಕಡತದಲ್ಲಿ ಏನೋ ಹುಡುಕುತ್ತಾ
ಕಡತವೇ ಆಗಿಬಿಟ್ಟರು.
ಜವಾನ ಖಲಂದರ್, ಪಾಪ, ಅಪ್ಪಣೆಯೆಂದುಕೊಂಡು
ಎರಡು ಲೋಟ ತಂದಿಟ್ಟ.

ಎಷ್ಟು ಹೊತ್ತೋ.
ಗಡಿಯಾರ ನೋಡುವುದು ನನ್ನ ಕೆಲಸ, ನೋಡಲಿಲ್ಲ.

ಪಾಲಮ್ಮ ತಾವೇ ಎರಡಕ್ಕೂ ಸುರಿದು, ತಮ್ಮದನ್ನು ಎತ್ತಿ
ಕುಡಿದರು. ಪೂರ್ತಿ.
ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೂತರು.
ಇನ್ನೊಂದು ಲೋಟ ಊಟದ ಹೊತ್ತಿನವರೆಗೂ ಅಲ್ಲೇ ಇತ್ತು,
ಅಂಚಿನ ಮೇಲೆ ಒಂದು ನೊಣ.

ನಾನು ಬರೆದೆ:
'ಮಾನ್ಯ ಸದಸ್ಯರೊಬ್ಬರು ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ಪ್ರಸ್ತಾಪಿಸಿದರು.
ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.'
ಅಕ್ಷರಗಳು ಎಂದಿನಂತೆ ದುಂಡಗೆ ಬಂದವು.

ಬಾಟಲಿ ಯಾರಿಗೂ ಬೇಡವಾಗಿ ನನ್ನ ಮೇಜಿಗೆ ಬಂತು,
ಅಂಟಿನ ಡಬ್ಬಿ, ತಾರೀಖಿನ ಸೀಲಿನ ಪಕ್ಕ.
ವಾರ ಕಳೆಯುವುದರಲ್ಲಿ ಮಣ್ಣು ತಳ ಹಿಡಿಯಿತು,
ಎರಡು ಬೆರಳು ಕೆಂಪು. ಮೇಲೆಲ್ಲ ತಿಳಿ.
ಖಾತೆ ಬದಲಾವಣೆಗೆ ಬಂದವರು ನೋಡಿ
"ನೀರು ಚೆನ್ನಾಗೇ ಐತಲ್ಲ ಮೇಡಂ" ಎಂದರು.
ಚೆಲ್ಲಲೇ ಎಂದ ಖಲಂದರ್. ಬೇಡ ಅಂದೆ.
ಅಲ್ಲಾಡಿಸದೆ ಧೂಳು ಒರೆಸುವುದನ್ನು ಕಲಿತೆ.

ಮುಂದಿನ ತಿಂಗಳು. ವಿಷಯ ಒಂದು.
ಎಲ್ಲರೂ ವಿಷಯ ಎರಡಕ್ಕೆ ಪುಟ ತಿರುವುತ್ತಿದ್ದಾಗ
ಪಾಲಮ್ಮ ಅಂದರು, "ಓದ್ರಿ."
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ನನ್ನ ಕನ್ನಡವನ್ನು ನಾನು ಗಟ್ಟಿಯಾಗಿ ಓದಿದೆ.
ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ:
"ನಾನ್ ಕುಡಿದಿದ್ದು ಎಲ್ಲೈತಿ?"

ಅಂಚಿನಲ್ಲಿ, ಜಾಗ ಇದ್ದಷ್ಟರಲ್ಲಿ, ಸಣ್ಣಗೆ ಸೇರಿಸಿದೆ:
ಪಾಲಮ್ಮ ಕುಡಿದರು.
ಇದು ಯಾವ ನಿಯಮದಡಿ ಎಂದರು ಪೌರಾಯುಕ್ತರು.
ಗೊತ್ತಿಲ್ಲ ಸರ್ ಅಂದೆ.
ಆಡಿಟ್ಟಿನವರು ಕೇಳಿಯಾರು. ಕೇಳಲಿ.

ಅವತ್ತು ನಮ್ಮ ಬೀದಿಯ ಸರದಿ.
ಅರ್ಧ ಗಂಟೆ ಅನುಮತಿ ಬರೆದಿಟ್ಟು
ಕೊಡ ಹಿಡಿಯಲು ಬೇಗ ಹೊರಟೆ.