ಎರರ್ ಎರಡು

ಪಂಚಾಯತಿನಿಂದ ಬಂದದ್ದು ಒಂಬತ್ತು ಸಾವಿರ.
ಕೋವಿಯ ಕುಂಞಂಬು ಸೇರಿಸಿದ್ದು ಮೂರು.
ಹಂದಿ ಹೊಡೆಯುವ ಲೈಸನ್ಸು ಅವನದು,
ತೋಟಾ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ವೇಗ
ಸುಳ್ಳೆಂದು ಅವನಿಗೆ ಮೂರು ವರ್ಷದ ಗುಮಾನಿ.
ನನಗೆ ಬೇಕಾದದ್ದು ಬಾಣದ್ದು.
ಹೀಗೆ ಒಂದು ಯಂತ್ರಕ್ಕೆ ಇಬ್ಬರು ಯಜಮಾನರು
ಹೊಸಂಗಡಿಯಲ್ಲಿ ಬಸ್ಸು ಹತ್ತಿದೆವು.

ಹಂಪನಕಟ್ಟೆಯ ಅಂಗಡಿಯಲ್ಲಿ ಲೋಬೊ
ಮೂರು ಡಬ್ಬಿ ಬಿಚ್ಚಿದ.

ಒಂದು, ನಳಿಗೆಗೆ ಕಟ್ಟುವಂಥದ್ದು.
ಗುಂಡು ದಾಟುವುದನ್ನು ಕಾಂತ ಎಣಿಸುತ್ತದಂತೆ.
ಕುಂಞಂಬು ಆಗಲೇ ಪಟ್ಟಿ ಎಳೆದು ಬಿಗಿ ನೋಡುತ್ತಿದ್ದ.
ಬಿಲ್ಲಿಗೆ ನಳಿಗೆಯಿಲ್ಲ ಮಾರಾಯ, ಎಂದೆ.

ಇನ್ನೊಂದು ರಾಡಾರು. ಬಿಸಿಲಾಗಲಿ ಮೋಡವಾಗಲಿ
ಅದಕ್ಕೆ ಲೆಕ್ಕವಿಲ್ಲ; ಬದಿಯಲ್ಲಿ ಕೂತು
ಫೋನಿಗೆ ಹೇಳಿ ಕಳಿಸುತ್ತದೆ.
ಬೆಲೆ ಕೇಳಿದೆ. ಲೋಬೊ ಬಾಯಿ ಬಿಡಲಿಲ್ಲ,
ಕ್ಯಾಲ್ಕುಲೇಟರು ನನ್ನ ಕಡೆ ತಿರುಗಿಸಿದ.
ನಮ್ಮ ಶೆಡ್ಡಿನ ತಗಡು, ಆರು ಬಿಲ್ಲು, ಹುಲ್ಲಿನ ಗುರಿಹಲಗೆ
ಎಲ್ಲ ಮಾರಿದರೂ
ಅದರ ಸ್ಟ್ಯಾಂಡಿನ ಒಂದು ಕಾಲು ಬರದು.

ಉಳಿದದ್ದು ಇದು: ಟಿಫಿನ್ ಡಬ್ಬಿಯಷ್ಟು,
ಆಕಾಶ ನೋಡುವ ಎರಡು ಕಣ್ಣು,
ನಡುವೆ ಒಂದಡಿ.
ಕಡ್ಡಿಗಳ ಮೇಲೆ ಎರಡು ಬಿಳಿ ಕೊಡೆ.
ಮೊದಲ ಕಣ್ಣಿನ ಮೇಲೆ ನೆರಳು ಬಿದ್ದೊಡನೆ ಗಡಿಯಾರ ಶುರು,
ಎರಡನೆಯದರ ಮೇಲೆ ಬಿದ್ದೊಡನೆ ಬಂದ್.
ಅಷ್ಟೇ ಅದರ ಕಸುಬು.

"ಎರಡನೆಯದಕ್ಕೆ ಕಾಣದಿದ್ದರೆ?"

"ಎರರ್ ಎರಡು ಅಂತ ಬರ್ತದೆ," ಎಂದ ಲೋಬೊ.
"ಗಾಬರಿ ಬೇಡ. ಬಾಣ ಹೋಗಿರ್ತದೆ,
ಮಿಷನ್ನಿಗೆ ಗೊತ್ತಾಗಿರುವುದಿಲ್ಲ."

ಒಂದು ವರ್ಷದ ಗ್ಯಾರಂಟಿ. ಬಾಣ ತಾಗಿದರೆ ಇಲ್ಲ.

ತಲಪಾಡಿಯಲ್ಲಿ ಬಸ್ಸು ನಿಧಾನವಾಯಿತು.
ಕನ್ನಡದ ಬೋರ್ಡಿನ ಗೇಟು,
ಸ್ವಲ್ಪ ಬಯಲು, ಒಂದು ಜ್ಯೂಸಿನ ಅಂಗಡಿ,
ಮಲಯಾಳದ ಬೋರ್ಡಿನ ಗೇಟು.
ಯಾವುದು ನಮ್ಮದೆಂದು ಬಸ್ಸಿನಲ್ಲಿ ಯಾರೂ ಕೇಳುವುದಿಲ್ಲ.
ತೊಡೆಯ ಮೇಲೆ ಡಬ್ಬಿ.
ಗೇಟು ಮುಚ್ಚಿ ಮಣ್ಣು ಸುರಿದ ಆ ವರ್ಷ
ಅಕ್ಕನ ವ್ಯಾನು, ಡಯಾಲಿಸಿಸ್ಸಿನ ದಿನ,
ಮೊದಲನೆಯದನ್ನು ದಾಟಿತ್ತು.
ಎರಡನೆಯದಕ್ಕೆ ಅದು ಕಾಣಲಿಲ್ಲ.
ಕುಂಞಂಬುವಿಗೆ ಗೊತ್ತು. ಕಿಟಕಿಯಾಚೆ ನೋಡುತ್ತಲೇ
ಕಡಲೆಯ ಪೊಟ್ಟಣ ನನ್ನ ಕಡೆ ಚಾಚಿದ.

ಮೀಯಪದವಿನ ಪಾರೆಯಲ್ಲಿ
ಹತ್ತು ಗಂಟೆಯ ಬಿಸಿಲಿಗೆ ಯಂತ್ರ ಕುರುಡು.
ಮುರಕಲ್ಲಿನಿಂದ ಬೆಳಕು ಕೆಳಗಿಂದಲೂ ಏಳುತ್ತದೆ.
ಶೆಡ್ಡಿನ ಟ್ಯೂಬ್‌ಲೈಟಿನಡಿ ಇಟ್ಟರೆ, ಬಾಣವೇ ಇಲ್ಲದೆ
ಸೆಕೆಂಡಿಗೆ ನಾಲ್ಕು ಸಾವಿರ ಅಡಿ ಎಂದು ಒದರುತ್ತದೆ.
ಮೋಡ ಬಂದ ಹೊತ್ತಿಗೆ ಓಡಿ ಬಂದು ಹೊಡೆಯಬೇಕು.

ಕೋವಿಯ ಗಾಳಿಗೆ ಕೊಡೆಗಳೆರಡೂ ಹಾರಿದವು.
ಕುಂಞಂಬು ಹತ್ತಡಿ ಹಿಂದೆ ಸರಿದು ಮತ್ತೆ ಹೊಡೆದ,
ಬಂದ ಅಂಕಿ ನೋಡಿ
ತೋಟಾ ಪೆಟ್ಟಿಗೆಗೆ ಮಲಯಾಳದಲ್ಲಿ ಬೈದ.
ಮೂರು ಸಾವಿರ ಅವನಿಗೆ ಅಲ್ಲೇ ವಸೂಲಾಯಿತು.

ಸಿಂತಿಯಾ ಕ್ರಾಸ್ತಾಳ ಮೂರನೇ ಬಾಣಕ್ಕೆ
ಕಬ್ಬಿಣದ ಕಡ್ಡಿಯೊಂದು ಡೊಂಕಾಯಿತು.
ಈಗ ಹಿಡಿಸೂಡಿಯ ಕಡ್ಡಿ, ಐದೈದು ಸೇರಿಸಿ
ನೂಲು ಸುತ್ತಿ ಸಿಕ್ಕಿಸಿದ್ದೇವೆ.
ತಾಗಿದರೆ ಅದು ಮುರಿಯಲಿ, ಕಣ್ಣು ಉಳಿಯಲಿ.

ರುಮೈಸಾ: ನೂರ ಅರವತ್ತಮೂರು.
ಮತ್ತೆ ನೂರ ಅರವತ್ತಮೂರು.
"ಇದು ಜೋರಾ ಟೀಚರೇ?"
ಜೋರಲ್ಲ. ಆದರೆ ಎರಡು ಸಲವೂ ಒಂದೇ.
ಜೋರು ಯಾರಿಗೂ ಬರುತ್ತದೆ, ಒಂದೇ ಬರುವುದು ಕಷ್ಟ, ಎಂದೆ.
ಅವಳಿಗೆ ಅದು ಹೊಗಳಿಕೆ ಅನಿಸಲಿಲ್ಲ.

ಮೂರನೆಯದು ಹೋಯಿತು. ಹುಲ್ಲಿನಲ್ಲಿ ದಪ್ಪೆಂದದ್ದು
ಎಲ್ಲರಿಗೂ ಕೇಳಿತು.
ಪರದೆಯಲ್ಲಿ ಎರರ್ ಎರಡು.
ಮೋಡ ಸರಿದಿತ್ತು, ಅಷ್ಟೇ.
ಹುಡುಗಿ ನನ್ನ ಮುಖ ನೋಡಿದಳು.

ನೋಟ್‌ಬುಕ್ಕಿನ ಆ ಸಾಲು ನಾನು ಖಾಲಿ ಬಿಡಲಿಲ್ಲ.
ತಾರೀಕು, ಹೆಸರು, ದೂರ,
ಅಂಕಿಯ ಜಾಗದಲ್ಲಿ
ಹೋಗಿದೆ, ಎಂದು ಬರೆದೆ.